ಅರ್ಧ ಗುಳಿಗೆಯ ನಿದ್ದೆ

ಒಂದು ಗುಳಿಗೆಯನ್ನು ಸರಿಯಾಗಿ ಎರಡು ಪಾಲು ಮಾಡುವುದು ನೀವು ತಿಳಿದಷ್ಟು ಸುಲಭವಲ್ಲ. ನಡುವೆ ಒಂದು ಗೆರೆ ಕೊರೆದಿರುತ್ತಾರೆ, ನಿಜ. ಆದರೆ ಆ ಗೆರೆಗೂ ಗುಳಿಗೆ ಮುರಿಯುವ ಜಾಗಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ನನ್ನ ಏಳು ತಿಂಗಳ ಅನುಭವ. ಉಗುರಿನಿಂದ ಒತ್ತಿದರೆ ಒಂದು ಚೂರು ಕಟ್ಟೆಯ ಮೇಲೆ ಉಳಿದು ಇನ್ನೊಂದು ಹಾರಿ ಫ್ರಿಜ್ಜಿನ ಕೆಳಗೆ ಕೂರುತ್ತದೆ. ತರಕಾರಿ ಚಾಕು ಇಟ್ಟರೆ ಪುಡಿ ಪುಡಿ. ಕಡೆಗೆ ಅಮ್ಮನ ಅಡಕತ್ತರಿ ಹುಡುಕಿ ತೆಗೆದೆ. ಅದರ ಬಾಯಿಗೆ ಗುಳಿಗೆ ಕೊಟ್ಟು ಮೆಲ್ಲಗೆ ಅಮುಕಿದರೆ ಟಕ್ಕೆಂದು ಎರಡಾಗುತ್ತದೆ. ಆಗಲೂ ಒಂದು ಪಾಲು ದೊಡ್ಡದೇ. ಆ ದೊಡ್ಡ ಪಾಲನ್ನು ನಾನು ಭಾನುವಾರಕ್ಕೆ ಎತ್ತಿಡುತ್ತೇನೆ. ನಾಳೆ ಸೋಮವಾರ ಎಂಬ ಅಳುಕು, ರಿಟೈರ್ ಆಗಿ ಮೂರು ವರ್ಷವಾದರೂ, ನನ್ನನ್ನು ಬಿಟ್ಟಿಲ್ಲ ನೋಡಿ.

ಡಾಕ್ಟರು ಬರೆದುಕೊಟ್ಟಿರುವುದು ಒಂದು. ನಾನು ತೆಗೆದುಕೊಳ್ಳುವುದು ಅರ್ಧ. ಯಾರಾದರೂ ಕೇಳಿದರೆ, “ಅಭ್ಯಾಸ ಆಗಿಬಿಡ್ತದೆ ಅಂತ ಹೆದರಿಕೆ” ಎಂದು ಬುದ್ಧಿವಂತಳ ಹಾಗೆ ಹೇಳುತ್ತೇನೆ. ಅದು ಸುಳ್ಳು. ನಿಜವಾದ ಕಾರಣ ಹೇಳಲು ನಾಚಿಕೆಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆ.

ನಾಚಿಕೆಯ ಮಾತು ಬಂತಲ್ಲ, ಮುಲುಂಡ್ ಸ್ಟೇಷನ್ ಪಕ್ಕದ ನಮ್ಮ ಕೆಮಿಸ್ಟ್ ಜಿಗ್ನೇಶ್ ಭಾಯಿಯ ಕಥೆ ಹೇಳಲೇಬೇಕು. ಈ ಗುಳಿಗೆ ಸುಮ್ಮನೆ ಕೇಳಿದರೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗಿ ಹೊಸ ಚೀಟಿ ಬರೆಸಬೇಕು, ಜಿಗ್ನೇಶ್ ಭಾಯಿ ಅದರ ಮೇಲೆ ಠಸ್ಸೆ ಹೊಡೆಯಬೇಕು, ತನ್ನ ದಪ್ಪ ಪುಸ್ತಕದಲ್ಲಿ ನನ್ನ ಹೆಸರು ಬರೆಯಬೇಕು. ನಾನು ಸಂಜೆ ಅವನ ಅಂಗಡಿಯ ಮುಂದೆ ರಶ್ ಕಡಿಮೆಯಾಗಲೆಂದು ಎದುರಿನ ಬಳೆ ಅಂಗಡಿಯಲ್ಲಿ ಬೇಡದ ಬಳೆ ನೋಡುತ್ತ ನಿಲ್ಲುತ್ತೇನೆ. ಜನ ಕರಗಿದರೆಂದು ಅನಿಸಿದಾಗ ಹೋಗಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೌಂಟರಿನ ಮೇಲೆ ಸರಿಸುತ್ತೇನೆ. ಅವನು ಅದನ್ನು ಬಿಡಿಸಿ, ಮೇಲೆ ಮಾಳಿಗೆಯಲ್ಲಿ ಔಷಧಿ ಹುಡುಕುವವನಿಗೆ ಇಡೀ ರಸ್ತೆಗೆ ಕೇಳುವ ಹಾಗೆ ಕೂಗುತ್ತಾನೆ: “ಅರೇ, ರೇವತಿ ಆಂಟಿ ಕಾ ನೀಂದ್‌ವಾಲಾ ಉತಾರ್!” ಎಂದರೆ ನನ್ನ ನಿದ್ದೆ ಗುಳಿಗೆ ಕೆಳಗಿಳಿಸು ಎಂದು.

ಆಗ ಎಲ್ಲಿದ್ದರೋ, ಜನ ಪ್ರತ್ಯಕ್ಷರಾಗುತ್ತಾರೆ. ಹೋದ ತಿಂಗಳು ನಮ್ಮ ಸೊಸೈಟಿಯ ಬಿ ವಿಂಗ್‌ನ ಒಬ್ಬಾಕೆ ಹಿಂದೆಯೇ ನಿಂತಿದ್ದಳು. “ಆಂಟಿ, ರಾತ್ ಕೋ ಮೊಬೈಲ್ ಮತ್ ದೇಖೋ” ಎಂದು, ರಾತ್ರಿ ಮೊಬೈಲ್ ನೋಡಬಾರದೆಂಬ ಉಪದೇಶ ಮಾಡಿದಳು. ಪಕ್ಕದವರು ಅಂಗಾಲಿಗೆ ತುಪ್ಪ ತಿಕ್ಕಲು ಹೇಳಿದರು. ಇನ್ನೊಬ್ಬರು ಎಡಮಗ್ಗುಲಲ್ಲಿ ಮಲಗಿ ಎಂದರು. ಈ ಊರಿನಲ್ಲಿ ಯಾರಿಗೂ ನಿದ್ದೆಯಿಲ್ಲ, ನಿದ್ದೆ ಬರಿಸುವ ಉಪಾಯ ಮಾತ್ರ ಎಲ್ಲರಿಗೂ ಗೊತ್ತು. ನಾನು ಎಲ್ಲರಿಗೂ ತಲೆಯಾಡಿಸಿ, ಗುಳಿಗೆಯನ್ನು ಕೊತ್ತಂಬರಿ ಸೊಪ್ಪಿನ ಅಡಿಗೆ ಹುದುಗಿಸಿ ಮನೆಗೆ ತಂದೆ.

ನನಗೂ ನಿದ್ದೆಗೂ ಮೊದಲಿನಿಂದ ಹೀಗೇನೂ ಮುನಿಸಿರಲಿಲ್ಲ. ನಾನು ಬೆಳೆದದ್ದು ದಾದರಿನ ಒಂದು ಚಾಳಿನಲ್ಲಿ. ಉಡುಪಿ ಕಡೆಯಿಂದ ಬಂದ ಅಪ್ಪ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಿದ್ದರು. ಒಂದೇ ಖೋಲಿ. ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಮಿಲ್ಲಿಗೆ ಹೋಗುತ್ತಿದ್ದ ಗೋಪಾಲ ಮಾವ, ಮೂವರು ಮಕ್ಕಳು. ರಾತ್ರಿ ಚಾಪೆ ಹಾಸಿದರೆ ನೆಲ ಕಾಣುತ್ತಿರಲಿಲ್ಲ. ಮಲಗುವುದಕ್ಕೂ ಒಂದು ಕ್ರಮವಿತ್ತು. ರಾತ್ರಿ ಎರಡು ಸಲ ಹೊರಗೆ ಹೋಗಬೇಕಾದ ಅಜ್ಜಿ ಬಾಗಿಲ ಬಳಿ, ಕಾಲು ಝಾಡಿಸುವ ಮಾವ ಗೋಡೆಯ ಬಳಿ, ನಾನು ಸರಿಯಾಗಿ ನಡುವೆ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೂ ಬದಲಿಸಬೇಕು. “ನಿದ್ದೆ ಬರ್ತಾ ಇಲ್ಲ” ಎಂದು ಯಾರಾದರೂ ಅಂದರೆ, “ಹಾಗಾದ್ರೆ ಎದ್ದು ಪಾತ್ರೆ ತೊಳಿ” ಎಂದು ಅಮ್ಮ ಕತ್ತಲಲ್ಲೇ ಹೇಳುತ್ತಿದ್ದಳು. ಆಮೇಲೆ ಎಲ್ಲರಿಗೂ ನಿದ್ದೆ ಬಂದುಬಿಡುತ್ತಿತ್ತು.

ನಮ್ಮ ಮನೆಯ ನಿದ್ದೆಯ ಮದ್ದು ಎಂದರೆ ಗಸಗಸೆ ಪಾಯಸ. ಹಬ್ಬದ ದಿನ ಅಮ್ಮ ಗಸಗಸೆಯನ್ನು ಘಮ್ಮೆನ್ನುವಂತೆ ಹುರಿದು, ತೆಂಗಿನಕಾಯಿಯ ಜೊತೆ ನುಣ್ಣಗೆ ಅರೆದು, ಬೆಲ್ಲ ಹಾಕಿ ಕುದಿಸುತ್ತಿದ್ದಳು. ಉಂಡ ಮೇಲೆ ಖೋಲಿಯಲ್ಲಿ ಇದ್ದವರು ಇದ್ದಲ್ಲೇ ಅಡ್ಡ. ಒಂದು ಚೌತಿಯ ದಿನ ಗೋಪಾಲ ಮಾವ ಮೂರು ಲೋಟ ಕುಡಿದು, ಎರಡನೇ ಪಾಳಿಗೆ ಹೋಗಬೇಕಾದವನು, ದೀಪ ಹಚ್ಚುವ ಹೊತ್ತಿಗೆ ಎದ್ದು ಕೂತು, “ಇದು ಇವತ್ತೋ ನಾಳೆಯೋ?” ಎಂದು ಕೇಳಿದ. ಅಮ್ಮನಿಗೆ ಅದು ಜೀವಮಾನದ ಬಿರುದು. “ನನ್ನ ಪಾಯಸಕ್ಕೆ ಮಿಲ್ಲೇ ನಿಂತಿತ್ತು ಗೊತ್ತುಂಟಾ?” ಎಂದು ಸಾಯುವವರೆಗೆ ಹೇಳಿಕೊಂಡಳು. ಈಗ ನಾನೂ ಒಮ್ಮೆ ಮಾಡಿ ನೋಡಿದೆ. ಒಬ್ಬಳಿಗೆ ಪಾಯಸ ಮಾಡುವುದು ಎಷ್ಟು ಬೇಜಾರಿನ ಕೆಲಸ ಅಂತೀರಿ! ಮೂರು ದಿನ ಅದನ್ನೇ ಬಿಸಿ ಮಾಡಿ ಕುಡಿದೆ. ಹೊಟ್ಟೆ ಕೆಟ್ಟಿತು, ನಿದ್ದೆ ಬರಲಿಲ್ಲ.

ಚಾಳಿನ ನಂತರ ನನಗೆ ನಿದ್ದೆ ಕೊಟ್ಟದ್ದು ಲೋಕಲ್ ರೈಲು. ಅಪ್ಪ ಹೋದಮೇಲೆ ನಾನೂ ಅಮ್ಮನೂ ಮುಲುಂಡಿಗೆ ಬಂದೆವು. ನನ್ನ ಕೆಲಸ ವಿಲೆ ಪಾರ್ಲೆಯಲ್ಲಿ, ವಿಮಾನದಲ್ಲಿ ಬರುವ ಸರಕಿನ ಕಾಗದಪತ್ರ ನೋಡುವ ಒಂದು ಆಫೀಸಿನಲ್ಲಿ. ಮುಲುಂಡಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿಳಿದು ಪಾರ್ಲೆ. ಇಪ್ಪತ್ತಾರು ವರ್ಷ. ಥಾಣೆಯಲ್ಲಿ ಹತ್ತುತ್ತಿದ್ದ ಸುಲಭಾ ನನಗೊಂದು ಸೀಟು ಹಿಡಿದಿರುತ್ತಿದ್ದಳು. ನಾನು ಕೂತು, ಪರ್ಸನ್ನು ಹೊಟ್ಟೆಗೆ ಅವಚಿಕೊಂಡು, ಭಾಂಡುಪ್ ಬರುವುದರೊಳಗೆ ಅವಳ ಹೆಗಲಿನ ಮೇಲೆ. ಸುತ್ತ ಜಗಳ, ಭಜನೆ, ಕಿವಿಯೋಲೆ ಮಾರುವವರ ಕೂಗು. ನನಗೆ ಅದಾವುದೂ ಇಲ್ಲ. ದಾದರ್ ಬಂದಾಗ ಸುಲಭಾ ಮೊಣಕಾಲಿಗೆ ಒಂದು ಬಾರಿಸುತ್ತಿದ್ದಳು. “ಉಠ ಗ ರೇವತಿ, ದಾದರ ಆಲಂ!” ನಾನು ಏಳುತ್ತಿದ್ದೆ, ಇಳಿಯುತ್ತಿದ್ದೆ. ಅಷ್ಟೇ.

ಸುಲಭಾ ರಜೆ ಹಾಕಿದ ದಿನವೂ ಚಿಂತೆಯಿರಲಿಲ್ಲ. ಇಲ್ಲಿಯ ರೈಲಿನ ಹೆಂಗಸರ ಡಬ್ಬಿಯಲ್ಲಿ ಒಂದು ಪದ್ಧತಿಯಿದೆ. ಪಕ್ಕದವಳು ಯಾರೇ ಇರಲಿ, ಮುಖ ಪರಿಚಯವೂ ಬೇಡ, “ದಾದರ್ ಆಯಾ ತೋ ಉಠಾ ದೇನಾ” ಎಂದು ಹೇಳಿ ಕಣ್ಣು ಮುಚ್ಚಬಹುದು. ಅವಳು ಎಬ್ಬಿಸಿಯೇ ಎಬ್ಬಿಸುತ್ತಾಳೆ. ಥ್ಯಾಂಕ್ಸ್ ಹೇಳುವ ಚಾಳಿಯೂ ಇಲ್ಲ, ನಾಳೆ ಇನ್ನೊಬ್ಬಳನ್ನು ನೀವು ಎಬ್ಬಿಸಿದರಾಯಿತು.

ನಾನು ರಿಟೈರ್ ಆದೆ. ಸುಲಭಾ ಮಗಳ ಜೊತೆ ನಾಸಿಕಕ್ಕೆ ಹೋದಳು. ಬೆಳಿಗ್ಗೆ ಹೂವಿನ ಚಿತ್ರ ಕಳಿಸುತ್ತಾಳೆ, ನಾನೂ ಒಂದು ಹೂವು ಕಳಿಸುತ್ತೇನೆ. ಹೋದ ವರ್ಷ ಅಮ್ಮನೂ ತೀರಿಕೊಂಡಳು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ತಮ್ಮ, ತಂಗಿ ಇಬ್ಬರೂ ಅವರವರ ಸಂಸಾರದಲ್ಲಿದ್ದಾರೆ, ಫೋನ್ ಮಾಡುತ್ತಾರೆ. ಕೊನೆಯ ವರ್ಷಗಳಲ್ಲಿ ಅಮ್ಮ ಪಕ್ಕದ ಮಂಚದಲ್ಲಿ ಮಲಗಿ ರಾತ್ರಿಯಿಡೀ ಕೆಮ್ಮುತ್ತಿದ್ದಳು. ಆಗ ಒಮ್ಮೆ ಕೆಮ್ಮು ನಿಲ್ಲಬಾರದೇ ಎಂದು ಅಂದುಕೊಂಡದ್ದುಂಟು. ನಿಂತಿತು. ಅಂದಿನಿಂದ ನನ್ನ ನಿದ್ದೆಯೂ ಹೋಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. ಎದೆ ಬಡಿತ ನೋಡಿದಳು, ಬೀಪಿ ನೋಡಿದಳು. “ಘರ್ ಮೇಂ ಕೌನ್ ಕೌನ್ ಹೈ?” ಎಂದು ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದಳು.

“ಮೈಂ ಹೂಂ” ಎಂದೆ, ನಾನಿದ್ದೇನೆ ಎಂದು.

ಅವಳು ಪೆನ್ನು ಹಿಡಿದು ಮುಂದಿನ ಹೆಸರಿಗಾಗಿ ಕಾದಳು. ನಾನೂ ಕಾದೆ. ಆಮೇಲೆ ಅವಳಿಗೆ ಅರ್ಥವಾಗಿ, ತಲೆ ತಗ್ಗಿಸಿ ಚೀಟಿ ಬರೆದಳು. ಸದ್ಯಕ್ಕೆ ಎರಡು ವಾರ ದಿನಕ್ಕೊಂದು, ಆಮೇಲೆ ಬಂದು ತೋರಿಸಿ ಎಂದಳು.

ಮೊದಲ ರಾತ್ರಿ ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಪೂರ್ತಿ ಒಂದು ನುಂಗಿದೆ. ಅಬ್ಬಬ್ಬಾ, ಏನು ನಿದ್ದೆ! ಕನಸಿಲ್ಲ, ಮಗ್ಗುಲಿಲ್ಲ. ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಹನ್ನೊಂದೂವರೆ, ಬೆಳಗಿನದು! ಗಾಬರಿಯಾಗಿ ಎದ್ದು ಬಾಗಿಲು ತೆಗೆದೆ. ಪೇಪರು ಗ್ರಿಲ್ಲಿಗೆ ಸಿಕ್ಕಿಕೊಂಡೇ ಇತ್ತು. ಕಸದ ಬುಟ್ಟಿ ಹಾಗೇ ಇತ್ತು. ಹಾಲಿನ ಪಾಕೀಟು ಮಾತ್ರ ಕಾಣೆ. ಅಷ್ಟರಲ್ಲಿ ಎದುರು ಬಾಗಿಲು ತೆರೆದು ಕಸ್ತೂರಿ ಇಣುಕಿದಳು. ವಿಜಯಪುರದ ಕಡೆಯವಳು, ಗಂಡ ಕಟ್ಟಡದ ಸೈಟಿನಲ್ಲಿ ಸೂಪರ್‌ವೈಸರ್. ಬಂದು ನಾಲ್ಕು ವರ್ಷವಾದರೂ ನಮ್ಮ ಮಾತು ನೀರು ಬಂತೇ, ಲಿಫ್ಟ್ ಕೆಟ್ಟಿತೇ ಎಂಬುದನ್ನು ದಾಟಿರಲಿಲ್ಲ.

“ಅಯ್ಯ, ಅಕ್ಕಾರ ಒಳಗ ಅದೀರೇನ್ರಿ? ಊರಿಗೆ ಹೋಗೀರಂತ ತಿಳದಿದ್ದೆ. ಹಾಲು ಕೆಡ್ತಾವಂತ ನಮ್ಮ ಫ್ರಿಜ್‌ನ್ಯಾಗ ಇಟ್ಟೀನಿ, ತಡೀರಿ” ಎಂದು ತಂದುಕೊಟ್ಟಳು.

ಕೆಲಸದ ಶೋಭಾಬಾಯಿ ಮರುದಿನ ಬಂದು ಹೇಳಿದ್ದೂ ಅದನ್ನೇ. “ಮಲಾ ವಾಟ್ಲಂ ಗಾವಾಲಾ ಗೇಲಾತ್.” ಎರಡು ಸಲ ಬೆಲ್ ಒತ್ತಿ, ನಾನು ಊರಿಗೆ ಹೋಗಿದ್ದೇನೆಂದುಕೊಂಡು ಹೊರಟೇ ಹೋಗಿದ್ದಳು. ನಾನು ಯಾವ ಊರಿಗೆ ಹೋಗಲಿ? ನನ್ನ ಊರು ಇದೇ ಅಲ್ಲವೇ?

ಆ ದಿನ ನಾನು ಹಾಲು ಕಾಯಿಸಲಿಲ್ಲ. ಪಾಕೀಟನ್ನು ಮುಂದಿಟ್ಟುಕೊಂಡು ಕೂತೆ. ನಿಜವಾಗಿ ಸತ್ತೇ ಹೋಗಿದ್ದರೆ? ಎಷ್ಟು ದಿನ ಎಲ್ಲರೂ ನನ್ನನ್ನು ಊರಿಗೆ ಕಳಿಸಿರುತ್ತಿದ್ದರು? ಹಾಲಿನ ಯೋಚನೆ ಮಾಡಿದ ಕಸ್ತೂರಿ ನನ್ನ ಯೋಚನೆ ಮಾಡಲಿಲ್ಲವಲ್ಲ ಎಂದು ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಎರಡು ವಾರ ಲಿಫ್ಟಿನಲ್ಲಿ ಸಿಕ್ಕರೂ ಮುಖ ಗಂಟಿಕ್ಕಿಕೊಂಡೇ ಇದ್ದೆ. ಪಾಪ, ಅವಳಿಗೆ ಅದು ಗೊತ್ತೇ ಆಗಲಿಲ್ಲ. ನನ್ನ ಮುಖ ಯಾವಾಗಲೂ ಹಾಗೇ ಇರುತ್ತದೆಂದು ತಿಳಿದಿದ್ದಳಂತೆ.

ಇದೇ ನೋಡಿ ಅರ್ಧ ಗುಳಿಗೆಯ ಗುಟ್ಟು. ಪೂರ್ತಿ ತೆಗೆದುಕೊಂಡರೆ ಏಳುತ್ತೇನೋ ಇಲ್ಲವೋ ಎಂಬ ಹೆದರಿಕೆ. ಎಬ್ಬಿಸುವವರು ಇಲ್ಲದ ಮನೆಯಲ್ಲಿ ಅಷ್ಟು ಗಾಢವಾಗಿ ಮಲಗುವ ಧೈರ್ಯ ನನಗಿಲ್ಲ. ಅರ್ಧದಲ್ಲಿ ನಿದ್ದೆಯೂ ಅರ್ಧ. ಒಂದು ಕಿವಿ ಬಾಗಿಲ ಕಡೆಗೇ ಇರುತ್ತದೆ.

ಹೀಗೆ ಆರು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ಓಡಾಡಿದ ಮೇಲೆ ಒಂದು ಮಧ್ಯಾಹ್ನ ನನಗೆ ಒಂದು ಹುಚ್ಚು ಹೊಳೆಯಿತು. ನಗಬೇಡಿ. ಪರ್ಸ್ ಹಿಡಿದು, ಟಿಕೆಟ್ ತೆಗೆದು, ಮಲಗುವುದಕ್ಕೆಂದೇ ಲೋಕಲ್ ಹತ್ತಿದೆ. ಮಧ್ಯಾಹ್ನದ ರೈಲು, ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕಿವಿಗೆ ಬಿಳಿ ಗುಂಡಿ ಸಿಕ್ಕಿಸಿಕೊಂಡ ಕಾಲೇಜಿನ ಹುಡುಗಿ. ಅವಳ ಕೈ ಮುಟ್ಟಿ, “ದಾದರ್ ಆಯಾ ತೋ ಉಠಾ ದೇನಾ ಬೇಟಾ” ಎಂದೆ. ಅವಳು ತಲೆಯಾಡಿಸಿದಳು. ಗುಳಿಗೆಯಿಲ್ಲ, ತುಪ್ಪವಿಲ್ಲ. ಕಾಂಜೂರ್ ಮಾರ್ಗ್ ಬಂದದ್ದು ನನಗೆ ನೆನಪಿಲ್ಲ.

ಯಾರೋ ಭುಜ ಅಲ್ಲಾಡಿಸಿದರು. “ಮಾವಶೀ, ಉಠಾ, ದಾದರ!” ಕಣ್ಣು ಬಿಟ್ಟರೆ ಆ ಹುಡುಗಿಯಿಲ್ಲ. ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಒಬ್ಬ ದಪ್ಪ ಹೆಂಗಸು ನಗುತ್ತಿದ್ದಾಳೆ. ನಾನು ಆ ಹುಡುಗಿ ಎಲ್ಲಿ ಎಂದು ಕೇಳಿದೆ. ಯಾವ ಹುಡುಗಿಯೋ ಅವಳಿಗೆ ಗೊತ್ತಿಲ್ಲ. ಕುರ್ಲಾದಲ್ಲಿ ಇಳಿದ ಒಬ್ಬ ಬುರ್ಖಾದವಳು, “ಇವರನ್ನು ದಾದರಿನಲ್ಲಿ ಎಬ್ಬಿಸಬೇಕು” ಎಂದು ಅವಳಿಗೆ ಒಪ್ಪಿಸಿ ಹೋಗಿದ್ದಳಂತೆ. ಆ ಬುರ್ಖಾದವಳಿಗೆ ಘಾಟ್ಕೋಪರಿನಲ್ಲಿ ಇಳಿದ ಯಾರೋ ಒಪ್ಪಿಸಿದ್ದರಂತೆ. ಅಂದರೆ ನನಗೆ ಗೊತ್ತಿಲ್ಲದೆ ನಾನು ಕೈಯಿಂದ ಕೈಗೆ ದಾಟಿಕೊಂಡು ಬಂದಿದ್ದೆ. ಮೂವರು ಹೆಂಗಸರು, ನನ್ನ ಹೆಸರೂ ತಿಳಿಯದವರು, ನನ್ನ ನಿದ್ದೆಯನ್ನು ಕಾದಿದ್ದರು.

ದಾದರ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನಾನು ಅತ್ತೆ. ಮುಚ್ಚುಮರೆಯೇನೂ ಇಲ್ಲ, ಮೂಗು ಸೀಟಿಕೊಂಡು ಅತ್ತೆ. ಆ ಗದ್ದಲದಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲ. ಅಳು ಮುಗಿದ ಮೇಲೆ ನನ್ನ ಮೇಲೆ ನನಗೇ ರೇಗಿತು. ಅಲ್ಲ ಮಾರಾಯ್ತಿ, ರೈಲಿನಲ್ಲಿ ಕಂಡಕಂಡವರಿಗೆ ‘ಎಬ್ಬಿಸು’ ಎಂದು ಹೇಳಲಿಕ್ಕೆ ನಿನಗೆ ನಾಚಿಕೆಯಿಲ್ಲ, ಎದುರು ಮನೆಯವಳಿಗೆ ಹೇಳಲಿಕ್ಕೆ ಏನು ದಾಡಿ?

ಆದರೂ ಕಸ್ತೂರಿಯ ಬೆಲ್ ಒತ್ತಲು ನನಗೆ ಮತ್ತೆ ಹತ್ತು ದಿನ ಹಿಡಿಯಿತು. ಒಂದು ದಿನ ಒತ್ತಿ, ಅವಳು ಬಾಗಿಲು ತೆಗೆದಾಗ, “ಸ್ವಲ್ಪ ಸಾಸಿವೆ ಉಂಟಾ?” ಎಂದು ಕೇಳಿ ಬಂದೆ. ಮನೆಯಲ್ಲಿ ಅರ್ಧ ಕಿಲೋ ಸಾಸಿವೆ ಇತ್ತು. ಎರಡನೇ ಸಲ ಅವಳೇ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಅವಳ ಮೈದಾ ಡಬ್ಬಿಯನ್ನು ನೋಡುತ್ತ ಎಲ್ಲ ಹೇಳಿದೆ. ಗುಳಿಗೆ, ಹನ್ನೊಂದೂವರೆ, ಹಾಲು. ಅವಳು ಕೆನ್ನೆಗೆ ಕೈ ಇಟ್ಟುಕೊಂಡಳು.

“ಅಯ್ಯ ಶಿವನ! ಅವತ್ತ ನೀವು ಒಳಗ ಹಂಗ ಬಿದ್ದಿದ್ರೇನ್ರಿ? ನಾ ಎಂಥಾ ಹುಚ್ಚಿ, ಹಾಲ ಒಯ್ದ ಇಟ್ಕೊಂಡ ಕುಂತೀನಿ! ಇದಕ್ಯಾಕ್ರಿ ಇಷ್ಟ ಸಂಕೋಚ? ದಿನಾ ಏಳಕ್ಕ ಇವ್ರ ಡಬ್ಬಿ ಕಟ್ಟಿದ ಕೂಡ್ಲೆ ನಿಮ್ಮ ಬೆಲ್ ಹೊಡೀತೀನಿ. ತೆಗೀಲಿಲ್ಲಂದ್ರ ಬಾಗಲಾ ಮುರೀತೀನಿ.”

“ಮುರಿಬೇಡ ಮಾರಾಯ್ತಿ, ಇಕೋ ಕೀಲಿ” ಎಂದು ಇನ್ನೊಂದು ಕೀಲಿಯನ್ನು ಅವಳ ಕೈಗೆ ಕೊಟ್ಟೆ. ನಾಳೆಯಿಂದಲೇ ಎಂದು ಮಾತಾಯಿತು. ಇವತ್ತು ಡಾಕ್ಟರು ಹೇಳಿದ ಹಾಗೆ ಪೂರ್ತಿ ಒಂದು ತಗೊಳ್ಳುತ್ತೇನೆ ಎಂದು ಹೇಳಿ ಬಂದೆ.

ಆ ರಾತ್ರಿ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಒಳಗಿನ ಚಿಲಕ ಹಾಕದೆ ಮಲಗಿದೆ. ನಾಳೆ ಏಳಕ್ಕೆ ಯಾರೋ ಬರುತ್ತಾರೆ ಎಂಬ ಸಂಭ್ರಮದಲ್ಲಿ ಗುಳಿಗೆ ತೆಗೆದುಕೊಳ್ಳುವುದು ಮರೆತೇ ಹೋಯಿತು. ಶಾಲೆಯ ಪಿಕ್‌ನಿಕ್ಕಿಗೆ ಹೊರಟ ಮಗುವಿನ ಹಾಗೆ ಹೊರಳಾಡಿ, ಬೆಳಗಿನ ಜಾವ ಒಂದು ಜೊಂಪು ಹತ್ತಿ, ಆರೂವರೆಗೆ ಎಚ್ಚರವಾಯಿತು. ಎದ್ದು ಕಾಫಿ ಮಾಡಬಹುದಿತ್ತು. ಮಾಡಲಿಲ್ಲ. ಹಾಸಿಗೆಯಲ್ಲೇ ಮಲಗಿ ಗಡಿಯಾರ ನೋಡುತ್ತ ಇದ್ದೆ.

ಏಳಕ್ಕೆ ಸರಿಯಾಗಿ ಬೆಲ್ ಆಯಿತು. ‘ಎದ್ದೆ ಕಸ್ತೂರಿ’ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಇನ್ನೊಮ್ಮೆ ಬೆಲ್ ಆಯಿತು. ಆಮೇಲೆ ಬಾಗಿಲು ತಟ್ಟುವ ಸದ್ದು.

“ಅಕ್ಕಾರ! ಅಕ್ಕಾರ, ಏಳ್ರೀ!”

ನಾನು ಅಲ್ಲಾಡಲಿಲ್ಲ.

“ರೇವತಿ ಅಕ್ಕಾರ! ಕೇಳಸವಲ್ದೇನ್ರೀ?” ಧ್ವನಿ ಏರಿತು. ಬಾಗಿಲಿಗೆ ಗುದ್ದುಗಳು ಬಿದ್ದವು. “ರೀ, ಲಗೂನ ಬರ್ರಿ ಇಲ್ಲಿ! ಅಕ್ಕಾರ ಬಾಗಲಾ ತೆಗೀವಲ್ರು! ಕೀಲಿ ತೊಗೊಂಡ ಬರ್ರಿ, ಕೀಲಿ!”

ಎಂಥ ಪಾಪದ ಕೆಲಸವೆಂದು ನನಗೆ ಗೊತ್ತಿತ್ತು. ಏಳಬೇಕೆಂದು ಮನಸ್ಸು ಹೇಳುತ್ತಿತ್ತು. ಆದರೆ ನನ್ನ ಹೆಸರು ಹಿಡಿದು ಹಾಗೆ ಗಾಬರಿಯಿಂದ ಯಾರಾದರೂ ಕೂಗಿ ಎಷ್ಟು ಕಾಲವಾಗಿತ್ತು! ಇನ್ನೊಂದು ಸಲ ಕೂಗಲಿ, ಇನ್ನೊಂದೇ ಸಲ ಎಂದು ಆಸೆಯಾಯಿತು. ಕೀಲಿ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಬರಿಗಾಲಿನ ಓಟ ನನ್ನ ಮಂಚದ ತನಕ ಬಂತು. ಜೋಳದ ಹಿಟ್ಟಿನ ವಾಸನೆಯ ಒಂದು ಕೈ ನನ್ನ ಹಣೆ ಮುಟ್ಟಿತು, ಆಮೇಲೆ ಉಸಿರು ನೋಡಲು ಮೂಗಿನ ಮುಂದೆ ಬಂದು ನಿಂತಿತು.

ಕಣ್ಣು ಬಿಟ್ಟೆ. ಕಸ್ತೂರಿ ಧಸಕ್ಕನೆ ಅಲ್ಲೇ ನೆಲದ ಮೇಲೆ ಕುಸಿದು, ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. “ಎದಿ ಒಡದ ಹೋಗಿತ್ತಲ್ರಿ ನಂದು, ಅಕ್ಕಾರ... ಎಷ್ಟ ಕೂಗೀನಿ!” ಹಿಂದೆ ಬಾಗಿಲಲ್ಲಿ ಅವಳ ಗಂಡ, ಒಂದು ಕಾಲಿಗೆ ಮಾತ್ರ ಸಾಕ್ಸು ಹಾಕಿಕೊಂಡು, ಮುಖ ಬಿಳಿಚಿಕೊಂಡು ನಿಂತಿದ್ದ.

“ಗುಳಿಗೆ ಜೋರು ಹತ್ತಿತು ಕಸ್ತೂರಿ, ಕೇಳಲೇ ಇಲ್ಲ” ಎಂದೆ. ನನ್ನ ಧ್ವನಿಯೇ ನನಗೆ ಅಸಹ್ಯವಾಯಿತು. ಅವಳು ಮೂಗು ಒರೆಸಿಕೊಂಡು, ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ರೊಟ್ಟಿ ಸೀದು ವಾಸನೆ ಬರುವ ತನಕ ಬಿಡಲಿಲ್ಲ. ಈಗ ದಿನವೂ ಏಳಕ್ಕೆ ಅವಳ ಬೆಲ್ ಆಗುತ್ತದೆ, ಗುಳಿಗೆ ಮಾತ್ರ ನನ್ನದು ಇನ್ನೂ ಅರ್ಧವೇ. ನಿಜ ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಹೇಳಿದರೆ ಮತ್ತೆ ಬರದೇ ಹೋದಾಳೆಂದು ಹೆದರಿ ಸುಮ್ಮನಿದ್ದೇನೆ.